ಅಂತರ್ಜಾಲದ ಅಂಗಡಿಗಳಲ್ಲಿ ಬಹುಮುಖ ವರ್ಗೀಕರಣ: ಒಂದು ವಿಮರ್ಶೆ

ಅಂತರ್ಜಾಲದ ಅಂಗಡಿಯಲ್ಲಿ ಸೀರೆ ಕೊಳ್ಳುವವರು ನೂಲು, ಬಣ್ಣ, ಬೆಲೆ ಮುಂತಾದ ಲಕ್ಷಣಗಳನ್ನು ಏಕಕಾಲದಲ್ಲಿ ಸೂಚಿಸಿ ಆರಿಸಿಕೊಳ್ಳಬಹುದೆಂಬುದನ್ನು ವಾಚಕರು ಬಲ್ಲರು. ಇದರ ಮೂಲತತ್ತ್ವ ಹೊಸದಲ್ಲ. ವಿಷಯವೊಂದರ ಬೇರೆಬೇರೆ ಮುಖಗಳನ್ನು ವಿಂಗಡಿಸಿ, ಬೇಕಾದಂತೆ ಜೋಡಿಸುವ ಕ್ರಮವನ್ನು ಎಸ್. ಆರ್. ರಂಗನಾಥನ್ ಅವರು 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಗ್ರಂಥಗಳಿಗೆ ಅನ್ವಯಿಸಿದ್ದರು.

ಅಂಗಡಿಗಳಲ್ಲಿ ರೂಢಿಯಲ್ಲಿರುವ ನಿಯಮ ಸರಳವಾದುದು. ಒಂದೇ ಮುಖದ ಆಯ್ಕೆಗಳು ‘ಅಥವಾ’ ಎಂದೂ, ಬೇರೆ ಬೇರೆ ಮುಖಗಳು ‘ಮತ್ತು’ ಎಂದೂ ಕೂಡುತ್ತವೆ: ಕೆಂಪು ಅಥವಾ ಹಸಿರು, ಮತ್ತು ಹತ್ತಿ. ಆದರೆ ನಾವು ಪರಿಶೀಲಿಸಿದ ಒಂದು ಅಂಗಡಿಯಲ್ಲಿ ‘ಬಗೆ’ ಎಂಬ ಒಂದೇ ಶೀರ್ಷಿಕೆಯಡಿ ರೇಷ್ಮೆ, ಇಳಕಲ್ಲು, ಮದುವೆ ಎಂಬ ಮೂರೂ ಸೇರಿದ್ದವು. ಮೊದಲನೆಯದು ನೂಲು, ಎರಡನೆಯದು ಊರು, ಮೂರನೆಯದು ಸಂದರ್ಭ. ಮದುವೆಗೆ ಇಳಕಲ್ಲಿನ ರೇಷ್ಮೆ ಸೀರೆ ಬೇಕೆಂದು ಮೂರನ್ನೂ ಗುರುತುಮಾಡಿದರೆ, ಮೂರರಲ್ಲಿ ಯಾವುದೊಂದಕ್ಕೆ ಸೇರಿದ್ದರೂ ಸಾಕೆಂದು ರಾಶಿಗಟ್ಟಲೆ ಸೀರೆಗಳು ಬಂದು ಬೀಳುತ್ತವೆ. ಇದು ಯಂತ್ರದ ದೋಷವಲ್ಲ, ವರ್ಗೀಕರಿಸಿದವರದು.

ಇದಕ್ಕಿಂತಲೂ ಗಹನವಾದ ತೊಡಕೊಂದಿದೆ. ಇಳಕಲ್ಲ ಸೀರೆಯ ಒಡಲು ಹತ್ತಿಯದಾಗಿ, ಕೊಂಡಿ ಹಾಕಿ ಸೇರಿಸಿದ ಸೆರಗು ರೇಷ್ಮೆಯದಾಗಿರುವುದುಂಟು. ನೂಲಿನ ಮುಖದಲ್ಲಿ ಒಂದೇ ಗುರುತಿಗೆ ಎಡೆಯಿದ್ದರೆ, ಅಂಥ ಸೀರೆ ಹತ್ತಿಯನ್ನೋ ರೇಷ್ಮೆಯನ್ನೋ ಅರಸುವವರಲ್ಲಿ ಒಬ್ಬರ ಕಣ್ಣಿಗೆ ಬೀಳುವುದೇ ಇಲ್ಲ. ಗುರುತೇ ಹಾಕದಿದ್ದರೆ ಇಬ್ಬರಿಗೂ ಇಲ್ಲ. ನಷ್ಟ ನೇಕಾರನಿಗೆ; ಆತನಿಗೆ ಅದರ ಸುಳಿವೂ ಸಿಗದು. ತೇದಿಯಿಲ್ಲದ ಶಾಸನವನ್ನು ಚರಿತ್ರಕಾರರು ಪಟ್ಟಿಯಿಂದ ಬಿಡುವುದಿಲ್ಲ. ‘ತೇದಿಯಿಲ್ಲ’ ಎಂದೇ ನಮೂದಿಸಿ, ಲಿಪಿಯಿಂದ ಕಾಲವನ್ನು ಊಹಿಸುತ್ತಾರೆ. ಅಂಗಡಿಯವರೂ ಪ್ರತಿಯೊಂದು ಮುಖದಲ್ಲಿ ‘ನಮೂದಿಲ್ಲ’ ಎಂಬ ಆಯ್ಕೆಯನ್ನಿಟ್ಟು, ಅದರ ಪಕ್ಕದಲ್ಲಿ ಸಂಖ್ಯೆಯನ್ನೂ ಕಾಣಿಸಬೇಕೆಂಬುದು ನಮ್ಮ ಅಭಿಪ್ರಾಯ.