‘ಲಾವೆಂತೂರಾ’ ನೋಡುವ ಬಗೆ

‘ಲಾವೆಂತೂರಾ’ ಮೈಕೆಲೇಂಜೆಲೊ ಆಂಟೋನಿಯೋನಿಯ 1960ರ ಇಟಾಲಿಯನ್ ಚಿತ್ರ. ಆ ವರ್ಷದ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅದು ಮೊದಲು ತೆರೆ ಕಂಡಾಗ ಪ್ರೇಕ್ಷಕರು ನಕ್ಕರು, ಗೇಲಿ ಮಾಡಿದರು. ದೃಶ್ಯ ಉದ್ದವಾಯಿತು ಅನ್ನಿಸಿದಲ್ಲೆಲ್ಲ ‘ಕಟ್, ಕಟ್’ ಎಂದು ಕೂಗಿದರು. ನಾಯಕಿ ಮೋನಿಕಾ ವಿಟ್ಟಿ ಅಳುತ್ತ ಹೊರಬಂದರು. ಮರುದಿನವೇ ರೊಬೆರ್ತೊ ರೊಸೆಲ್ಲಿನಿ ಮೊದಲಾದ ನಿರ್ದೇಶಕರೂ ವಿಮರ್ಶಕರೂ ಸಹಿ ಹಾಕಿದ ಹೇಳಿಕೆಯೊಂದು ಚಿತ್ರದ ಬೆಂಬಲಕ್ಕೆ ಬಂತು. ಕಾದಂಬರಿಕಾರ ಜಾರ್ಜ್ ಸಿಮೆನಾನ್ ಅಧ್ಯಕ್ಷರಾಗಿದ್ದ ತೀರ್ಪುಗಾರರ ಮಂಡಳಿ ಅಗ್ರ ಪ್ರಶಸ್ತಿಯನ್ನು ಫೆಲಿನಿಯ ‘ಲಾ ದೊಲ್ಚೆ ವೀಟಾ’ಕ್ಕೆ ಕೊಟ್ಟಿತು, ಸಿನಿಮಾಕ್ಕೆ ಹೊಸ ಭಾಷೆ ಹುಡುಕಿದ್ದಕ್ಕೆಂದು ಇದಕ್ಕೂ ಒಂದು ಬಹುಮಾನ ಸಂದಿತು. 1962ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರ ಮತ ಕೇಳಿದಾಗ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳಲ್ಲಿ ‘ಸಿಟಿಜನ್ ಕೇನ್’ ಬಿಟ್ಟರೆ ಇದೇ. 1992ರ ಪಟ್ಟಿಯ ಮೊದಲ ಹತ್ತರಲ್ಲಿ ಇದು ಇರಲಿಲ್ಲ.

ಕತೆ ಚಿಕ್ಕದು. ಶ್ರೀಮಂತರ ಗುಂಪೊಂದು ಸಿಸಿಲಿಯ ಉತ್ತರದ ಏಯೋಲಿಯನ್ ದ್ವೀಪಗಳತ್ತ ವಿಹಾರಕ್ಕೆ ಹೊರಡುತ್ತದೆ. ಲಿಸ್ಕಾ ಬಿಯಾಂಕಾ ಎಂಬ ಬರಡು ದ್ವೀಪದಲ್ಲಿ ಅನ್ನಾ ಕಾಣೆಯಾಗುತ್ತಾಳೆ. ಅವಳ ಪ್ರಿಯಕರ ಸಾಂಡ್ರೊ, ಗೆಳತಿ ಕ್ಲಾಡಿಯಾ ಅವಳನ್ನು ಹುಡುಕುತ್ತ ಹುಡುಕುತ್ತ ಪರಸ್ಪರ ಹತ್ತಿರವಾಗುತ್ತಾರೆ, ಹುಡುಕಾಟವನ್ನೇ ಮರೆಯುತ್ತಾರೆ. ಅನ್ನಾ ಸಿಗುವುದಿಲ್ಲ. ಅವಳು ಕಾಣೆಯಾಗುವ ಹೊತ್ತಿನಲ್ಲಿ ಎಲ್ಲಿಂದಲೋ ಮೋಟಾರು ದೋಣಿಯ ಸದ್ದು ಕೇಳಿಸುತ್ತದೆ. ಅದರ ಲೆಕ್ಕವೂ ಕೊನೆಗೆ ಚುಕ್ತಾ ಆಗುವುದಿಲ್ಲ.

ಬೇಸರಪಟ್ಟವರ ದೂರೆಲ್ಲ ಇಲ್ಲಿಂದಲೇ ಹುಟ್ಟಿದ್ದು. ನ್ಯೂಯಾರ್ಕ್ ಟೈಮ್ಸ್‌ನ ಬಾಸ್ಲಿ ಕ್ರೌದರ್‌ಗೆ 1961ರಲ್ಲಿ ಇದು ನಡುವಿನ ಕೆಲವು ರೀಲುಗಳೇ ಕಳೆದುಹೋದ ಚಿತ್ರದಂತೆ ಕಂಡಿತು. ಪತ್ತೇದಾರಿ ಕತೆಯ ರುಚಿ ಹತ್ತಿದವರಿಗೆ ಕೊನೆಯಲ್ಲಿ ಉತ್ತರ ಬೇಕೇ ಬೇಕು. ಅನ್ನಾ ಸತ್ತಳೆ, ಓಡಿಹೋದಳೆ ಎಂದು ಇಂದಿಗೂ ತಲೆಕೆಡಿಸಿಕೊಳ್ಳುವವರಿದ್ದಾರೆ. ಇವರನ್ನಾದರೂ ಸಹಿಸಬಹುದು. ಚಿತ್ರ ಮುಗಿಯುವ ಮುಂಚೆಯೇ ‘ಪರಕೀಯ ಪ್ರಜ್ಞೆ’ ಎಂದು ಗಂಭೀರವಾಗಿ ತಲೆಯಾಡಿಸುವ ಭಕ್ತರನ್ನು ಸಹಿಸುವುದು ಕಷ್ಟ. ಕನ್ನಡದಲ್ಲಿ ನವ್ಯ ವಿಮರ್ಶೆ ಸವೆಸಿಟ್ಟ ಆ ಪದಗಳನ್ನು ಯಾವ ಚಿತ್ರಕ್ಕೆ ಬೇಕಾದರೂ ಹಚ್ಚಬಹುದು. ಹಾಗೆ ಹಚ್ಚಲು ಚಿತ್ರವನ್ನು ನೋಡಬೇಕೆಂದೂ ಇಲ್ಲ. ಕಾನ್‌ನಲ್ಲಿ ‘ಕಟ್’ ಎಂದು ಕೂಗಿದವರು ತೆರೆಯ ಮೇಲೆ ಕಣ್ಣಿಟ್ಟಿದ್ದರು. ಅವರ ತೀರ್ಪು ತಪ್ಪು, ಆದರೆ ಬೆರಳಿಟ್ಟ ಜಾಗ ಸರಿ. ಈ ಚಿತ್ರದ ತಕರಾರು ಕತೆಯದಲ್ಲ, ಶಾಟ್ ಎಲ್ಲಿ ಮುಗಿಯಬೇಕು ಎಂಬುದರದು.

ರೂಢಿಯ ಸಿನಿಮಾದಲ್ಲಿ ಪಾತ್ರ ಚೌಕಟ್ಟಿನಿಂದಾಚೆ ಹೋದ ಕ್ಷಣವೇ ಕತ್ತರಿ ಬೀಳುತ್ತದೆ. ಆಂಟೋನಿಯೋನಿ ಅಲ್ಲಿ ಕತ್ತರಿಸುವುದಿಲ್ಲ. ಜನ ಬರುವ ಮುಂಚೆಯೂ ಜಾಗ ಇರುತ್ತದೆ, ಹೋದ ಮೇಲೂ ಇರುತ್ತದೆ. ಕ್ಯಾಮೆರಾ ಎರಡನ್ನೂ ನೋಡುತ್ತದೆ. ದ್ವೀಪದ ಹುಡುಕಾಟದ ಭಾಗವನ್ನು ಹೊಸಬರು ಹೀಗೆ ಗಮನಿಸಬೇಕು: ಒಬ್ಬರು ಬಂಡೆಯ ಹಿಂದೆ ಮರೆಯಾಗುತ್ತಾರೆ, ಬಂಡೆ ಉಳಿಯುತ್ತದೆ; ಇನ್ನೊಬ್ಬರು ಬೇರೊಂದು ಮೂಲೆಯಿಂದ ಏಳುತ್ತಾರೆ. ಯಾರು ಯಾರಿಗೆ ಎಷ್ಟು ದೂರದಲ್ಲಿದ್ದಾರೆ ಎಂದು ತಿಳಿಯುವುದೇ ಇಲ್ಲ. ಮನುಷ್ಯರು ಕರಗಿಹೋಗುವುದು ಅಲ್ಲಿ ಎಷ್ಟು ಸುಲಭ ಎಂಬುದನ್ನು ಮಾತಿಲ್ಲದೆ ತೋರಿಸಿದ ಮೇಲೆ ಅನ್ನಾ ಹೇಗೆ ಹೋದಳೆಂದು ವಿವರಿಸುವ ಅಗತ್ಯ ಬೀಳುವುದಿಲ್ಲ.

ಇದರ ತುತ್ತತುದಿ ನೋತೊ ಊರಿನ ದಾರಿಯ ಪ್ರಸಂಗ. ಸಾಂಡ್ರೊ, ಕ್ಲಾಡಿಯಾ ಒಂದು ಹಳ್ಳಿಯಲ್ಲಿ ಕಾರು ನಿಲ್ಲಿಸುತ್ತಾರೆ. ಕಟ್ಟಡಗಳು ಹೊಸವು, ಜನರಿಲ್ಲ. ಕೂಗಿದರೆ ಪ್ರತಿಧ್ವನಿಯಷ್ಟೇ. ಹೆದರಿ ಹೊರಡುತ್ತಾರೆ. ಆಗ ಓಣಿಯೊಳಗಿದ್ದ ಕ್ಯಾಮೆರಾ, ಕಾರು ಹೊರಟ ಚೌಕದ ಕಡೆಗೆ ಮೆಲ್ಲನೆ ಸರಿಯತೊಡಗುತ್ತದೆ. ಅದು ಯಾರ ನೋಟ? ಯಾರದೂ ಅಲ್ಲ. ಅಲ್ಲಿ ಅನ್ನಾ ಅಡಗಿದ್ದಾಳೆ ಎನ್ನುವವರು ಮತ್ತೆ ಪತ್ತೇದಾರಿಗೇ ಮರಳಿದಂತೆ. ಈ ಟಿಪ್ಪಣಿಕಾರನಿಗೆ ಚಿತ್ರ ತೆರೆದುಕೊಂಡದ್ದು ಇದೇ ಶಾಟ್‌ನಲ್ಲಿ, ಫಿಲ್ಮ್ ಸೊಸೈಟಿಯೊಂದರ ಪ್ರದರ್ಶನದಲ್ಲಿ, ದ್ವೀಪದ ಭಾಗ ಮುಗಿಯುವಷ್ಟರಲ್ಲಿ ಅರ್ಧ ಸಭಾಂಗಣ ಕಾಫಿಗೆ ಎದ್ದುಹೋಗಿದ್ದ ಸಂಜೆ. ಎದ್ದುಹೋದವರು ಹೊರಗೆ ನಿಂತು ಚಿತ್ರದಲ್ಲಿ ಏನೂ ನಡೆಯುವುದಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು. ಈಗಿನವರು ಎದ್ದು ಹೋಗುವುದಿಲ್ಲ, ಫೋನಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಓಡಿಸುತ್ತಾರೆ. ಕಾಫಿಗೆ ಹೋದವರೇ ವಾಸಿ. ವೇಗ ಹೆಚ್ಚಿಸಿದರೆ ಈ ಚಿತ್ರದಲ್ಲಿ ಉಳಿಯುವುದು ಕತೆಯೊಂದೇ, ಕತೆ ಇಲ್ಲಿ ಎಲ್ಲಕ್ಕಿಂತ ತೆಳುವಾದ ಭಾಗ.

ಪಾತ್ರಗಳಲ್ಲಿ ಸಾಂಡ್ರೊನನ್ನು ಹಿಡಿಯುವುದು ಮುಖ್ಯ. ಅವನು ವಿನ್ಯಾಸ ಬಿಟ್ಟು ಬೇರೆಯವರ ಕಟ್ಟಡಗಳಿಗೆ ಅಂದಾಜು ಪಟ್ಟಿ ಬರೆದು ದುಡ್ಡು ಮಾಡಿದ ವಾಸ್ತುಶಿಲ್ಪಿ. ನೋತೊದಲ್ಲಿ ಯುವಕನೊಬ್ಬ ಹಳೆಯ ಕಟ್ಟಡದ ಚಿತ್ರ ಬರೆಯುತ್ತಿರುವಾಗ ಸಾಂಡ್ರೊ ಬೇಕೆಂದೇ ಅದರ ಮೇಲೆ ಶಾಯಿ ಚೆಲ್ಲುತ್ತಾನೆ. ಅವನ ಚಾಂಚಲ್ಯಕ್ಕೆ ಕಾರಣ ಹುಡುಕುವವರು ಹೆಂಗಸರೊಂದಿಗಿನ ದೃಶ್ಯಗಳಿಗಿಂತ ಇದನ್ನು ಎರಡು ಸಲ ನೋಡುವುದು ಒಳ್ಳೆಯದು. ಕೊನೆಯ ದೃಶ್ಯ ತಾವೊರ್ಮಿನಾದ್ದು: ಬೆಂಚಿನ ಮೇಲೆ ಅಳುವ ಸಾಂಡ್ರೊ, ಅವನ ತಲೆಯ ಹಿಂಬದಿಗೆ ಕೈಯಿಡುವ ಕ್ಲಾಡಿಯಾ, ಬಲಕ್ಕೆ ಬೋಳು ಗೋಡೆ, ಎಡಕ್ಕೆ ದೂರದಲ್ಲಿ ಎಟ್ನಾ ಪರ್ವತ. ಅದು ಕ್ಷಮೆಯೋ ಕನಿಕರವೋ ಎಂಬ ಚರ್ಚೆಯಲ್ಲಿ ಪುಟಗಟ್ಟಲೆ ಖರ್ಚಾಗಿದೆ.

ಜೊವಾನ್ನಿ ಫುಸ್ಕೊ ಸಂಗೀತ ಕಡಿಮೆ. ಸಮುದ್ರ, ಗಾಳಿ ಆ ಕೆಲಸ ಮಾಡುತ್ತವೆ. ಛಾಯಾಗ್ರಾಹಕ ಆಲ್ದೊ ಸ್ಕಾವಾರ್ದಾ. ಚಿತ್ರೀಕರಣದ ನಡುವೆ ಹಣ ಹಾಕಿದ್ದ ಸಂಸ್ಥೆ ದಿವಾಳಿಯಾದದ್ದು, ತಂಡ ದ್ವೀಪದಲ್ಲಿ ಪರದಾಡಿದ್ದು ರಂಜನೀಯ ಕತೆ. ಚಿತ್ರ ಅರ್ಥವಾಗಲು ಅದರಿಂದ ಉಪಯೋಗವಿಲ್ಲ.

ಒಪ್ಪದವರಲ್ಲಿ ದೊಡ್ಡವರೂ ಇದ್ದಾರೆ. ಇಂಗ್ಮಾರ್ ಬರ್ಗ್‌ಮನ್ ಆಂಟೋನಿಯೋನಿಯ ‘ಬ್ಲೋ-ಅಪ್’, ‘ಲಾ ನೊತ್ತೆ’ಗಳನ್ನು ಮೆಚ್ಚಿದರೂ ಇದಕ್ಕೆ ಸಿಕ್ಕ ಹೊಗಳಿಕೆ ಅವರಿಗೆ ಅರ್ಥವಾಗಲಿಲ್ಲ, ವಿಟ್ಟಿಯ ನಟನೆಯನ್ನೂ ಒಪ್ಪಲಿಲ್ಲ. ವಿಮರ್ಶಕಿ ಪಾಲಿನ್ ಕೇಲ್ ‘ಲಾವೆಂತೂರಾ’ವನ್ನು ಎತ್ತಿಹಿಡಿದು ‘ಲಾ ನೊತ್ತೆ’ಯನ್ನು ಗೇಲಿ ಮಾಡಿದರು. ಈ ವಿಷಯದಲ್ಲಿ ಕೇಲ್ ಹೇಳಿದ್ದೇ ಸರಿ.

ಮುಂದೆ ನೋಡಬೇಕಾದ್ದು 1962ರ ‘ಲೆಕ್ಲಿಸ್ಸೆ’. ಅದರ ಕೊನೆಯ ಏಳು ನಿಮಿಷ ನಾಯಕ ನಾಯಕಿ ಇಬ್ಬರೂ ಬರುವುದಿಲ್ಲ. ಅವರು ಭೇಟಿಯಾಗಬೇಕಿದ್ದ ರಸ್ತೆಮೂಲೆ ಮಾತ್ರ ಇದೆ. ಅದಾದ ಮೇಲೆ 1964ರ ‘ರೆಡ್ ಡೆಸರ್ಟ್’, ಆಂಟೋನಿಯೋನಿಯ ಮೊದಲ ವರ್ಣಚಿತ್ರ. 1961ರ ‘ಲಾ ನೊತ್ತೆ’ಯನ್ನು ಕಡೆಗೆ ಇಟ್ಟುಕೊಂಡರೂ ನಷ್ಟವಿಲ್ಲ, ಅದರಲ್ಲಿ ಪಾತ್ರಗಳ ಮಾತು ತುಸು ಹೆಚ್ಚಾಯಿತು.