ಮೂರು ಸರ್ಕಾರಗಳ ನೆನಪು: ರಸಿಕರಿಗೊಂದು ಕೈಪಿಡಿ

ಬೀದರ ಜಿಲ್ಲೆಯ ಭಾಲ್ಕಿಯ ಭೀಮಣ್ಣ ಖಂಡ್ರೆಯವರಂತೆ ಹೈದರಾಬಾದ್ ವಿಮೋಚನಾ ಹೋರಾಟದಿಂದ ಶಾಸನಸಭೆಗೂ ಮಂತ್ರಿಪದವಿಗೂ ನಡೆದುಬಂದ ತಲೆಮಾರಿನವರು ತಮ್ಮ ಸಾರ್ವಜನಿಕ ಜೀವನವನ್ನು ನೆನೆದು ಹೇಳತೊಡಗಿದಾಗ, ಇಂಥ ನೆನಪುಗಳ ಹೊಸ ರಸಿಕರು ಮೊದಲು ತಿಳಿಯಬೇಕಾದುದು ಅವರು ಗೆದ್ದ ಚುನಾವಣೆಗಳ ಸಂಖ್ಯೆಯನ್ನಲ್ಲ, ‘ಸರ್ಕಾರ’ವೆಂದಾಗ ಅವರು ಯಾವ ಸರ್ಕಾರವನ್ನು ಕುರಿತು ಹೇಳುತ್ತಿದ್ದಾರೆಂಬುದನ್ನು. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನದು, ಅನಂತರ ಹೈದರಾಬಾದ್ ರಾಜ್ಯದ್ದು, 1956ರ ನವೆಂಬರ್ 1ರಿಂದ ಮೈಸೂರಿನದು. ಅದರ ಹಿಂದಿನ ದಿನವಷ್ಟೇ, ಹಳೆಯ ಮೈಸೂರು ರಾಜ್ಯದ 73 ದಿನಗಳ ಮುಖ್ಯಮಂತ್ರಿತ್ವವನ್ನು ಮುಗಿಸಿದ ಕಡಿದಾಳ್ ಮಂಜಪ್ಪನವರ ಕಡೆಯಿಂದ ನೋಡಿದರೆ ಏಕೀಕರಣವು ರಾಜ್ಯವೊಂದು ಹಿಗ್ಗಿದ ಕಥೆ. ಬೀದರಿನಿಂದ ನೋಡಿದರೆ ಅದು ಉದಗೀರ, ನಿಲಂಗಾಗಳನ್ನು ಮುಂಬಯಿಗೂ ನಾರಾಯಣಖೇಡವನ್ನು ಆಂಧ್ರಕ್ಕೂ ಬಿಟ್ಟುಕೊಟ್ಟು ಜಿಲ್ಲೆಯೊಂದು ಕುಗ್ಗಿದ ಕಥೆಯೂ ಹೌದು.

ಇದೇ ಜಿಲ್ಲೆಯ ಔರಾದಿನ ಮುಖಂಡರ ಮಾತಿನಲ್ಲಿ ಮರಾಠಿ ಬೆರೆತರೆ, ದಫ್ತರಿನ ಪ್ರಸಂಗ ಬಂದೊಡನೆ ಉರ್ದು ಒತ್ತೊತ್ತಾಗಿ ಬಂದರೆ, ಅದನ್ನು ಅಶುದ್ಧಿಯೆಂದು ಎಣಿಸಲಾಗದು. ಆ ಪದಗಳೇ ಪ್ರಸಂಗದ ಕಾಲವನ್ನು ಸೂಚಿಸುತ್ತವೆ. ನಿಜಾಮನ ಕಾಲದಲ್ಲಿ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಈ ಸೀಮೆಯಲ್ಲಿ, ಯಾವುದನ್ನು ಹೊರಗೆ ತೋರಬೇಕು, ಯಾವುದನ್ನು ಒಳಗಿಟ್ಟುಕೊಳ್ಳಬೇಕು ಎಂಬ ಎಚ್ಚರ ರಾಜಕಾರಣಿಗಳಿಗೂ ಬಂದುದು ಸಹಜವೇ.

ಒಳಗಿಟ್ಟುದನ್ನು ಕೇಳಿಸಿಕೊಳ್ಳುವುದೇ ಕಠಿಣ. ಗೋರ್ಟಾ ಗ್ರಾಮದಲ್ಲಿ ನಿಜಾಮನ ಪರವಾಗಿ ಆಯುಧ ಹಿಡಿದ ರಜಾಕಾರರು ಹರಿಸಿದ ರಕ್ತವನ್ನು ಗದ್ಗದಕಂಠದಿಂದ ವರ್ಣಿಸಿದವರು, ನಿಜಾಮನ ಆಳ್ವಿಕೆಯನ್ನು ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಇಲ್ಲಿಯ ಮುಸಲ್ಮಾನರ ಮೇಲೆ ಬಂದೆರಗಿದ, ವಿಚಾರಣೆಗೆ ಬಂದ ಸುಂದರಲಾಲ್ ಸಮಿತಿಯು ಅತ್ಯಂತ ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಎಣಿಸಿದ ಆ ವಿಪತ್ತನ್ನು ದಾಟಿ 1952ರ ಚುನಾವಣೆಗೆ ನೆಗೆದರೆ, ಆ ನೆಗೆತವನ್ನು ಗುರುತಿಸಿಕೊಳ್ಳಿರಿ. ಎರಡು ದುಃಖಗಳನ್ನೂ ಒಂದೇ ದನಿಯಲ್ಲಿ ಹೇಳಬಲ್ಲವರು ದೊರೆತರೆ ಮಿಕ್ಕ ಕೆಲಸವನ್ನೆಲ್ಲ ಬಿಟ್ಟು ಕುಳಿತು ಕೇಳಿರಿ. ಅಂಥವರ ಅರ್ಧ ಗಳಿಗೆಯ ಮಾತು ಹಲವು ಮಂತ್ರಿಗಿರಿಗಳ ವೃತ್ತಾಂತಕ್ಕಿಂತ ನನಗೆ ಹಿರಿದು.

ಮಂತ್ರಿಗಳ ಬೆನ್ನ ಹಿಂದಿದ್ದ ಸಲಹೆಗಾರರ ಸ್ಮರಣೆಯಲ್ಲಾದರೋ ಕರ್ತೃಪದವೇ ಅಡಗಿರುತ್ತದೆ. ‘ಸಾಹೇಬರು ಹೀಗೆ ನಿರ್ಧರಿಸಿದರು’ ಎಂಬಲ್ಲಿ ನಿರ್ಧಾರವು ಯಾರದೆಂದು ಕೇಳುವವರೇ ಊಹಿಸಿಕೊಳ್ಳಬೇಕು. ಇದರ ಅಭ್ಯಾಸಕ್ಕೆ ಬೀದರ ನಗರದ ಮದರಸಾದ ಮುಂದೆ ನಿಲ್ಲಿರಿ. 1472ರಲ್ಲಿ ಅದನ್ನು ಕಟ್ಟಿಸಿದ ಬಹಮನಿ ಪ್ರಧಾನಿ ಮಹಮೂದ್ ಗವಾನನು ತನ್ನ ಪತ್ರಗಳನ್ನು ‘ರಿಯಾಜ್-ಉಲ್-ಇನ್ಶಾ’ ಎಂಬ ಸಂಕಲನವಾಗಿ ಉಳಿಸಿಹೋದನು. ಅವುಗಳಲ್ಲಿ ಅವನು ತನ್ನ ದನಿಯಲ್ಲಿ ಎಲ್ಲಿ ಆಡುತ್ತಾನೆ, ಒಡೆಯನ ದನಿಯಲ್ಲಿ ಎಲ್ಲಿ ಆಡುತ್ತಾನೆ ಎಂಬುದನ್ನು ಬೇರ್ಪಡಿಸುತ್ತ ಓದಿರಿ. 1481ರಲ್ಲಿ ಅವನ ಶಿರಚ್ಛೇದಕ್ಕೆ ಕಾರಣವಾದುದು, ವೈರಿಗಳು ಅವನದೇ ಮುದ್ರೆಯನ್ನೊತ್ತಿಸಿ, ಅವನ ಹೆಸರಿನಲ್ಲಿ ಬರೆದ ಮತ್ತೊಂದು ಪತ್ರ.