ಉಬ್ಬು, ಅಚ್ಚು, ಕಂಡರಣೆ: ಕೆಲವು ಪದಗಳ ಅರ್ಥವಿಚಾರ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಪರಿಸರದ ವೀರಗಲ್ಲು, ಮಾಸ್ತಿಗಲ್ಲು, ನಾಗರಕಲ್ಲುಗಳನ್ನು ವರ್ಣಿಸುವಾಗ ನಾವು ‘ಉಬ್ಬುಶಿಲ್ಪ’ ಎಂಬ ಪದವನ್ನು ನಿಸ್ಸಂಕೋಚವಾಗಿ ಬಳಸುತ್ತೇವೆ. ಈ ಪದದ ಔಚಿತ್ಯವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಉಬ್ಬು’ ಎಂದರೆ ಒಳಗಿನ ಒತ್ತಡದಿಂದ ಹಿಗ್ಗುವುದು. ಹಿಟ್ಟು ಉಬ್ಬುತ್ತದೆ, ಹೊಗಳಿಕೆಗೆ ಮನುಷ್ಯನೂ ಉಬ್ಬುತ್ತಾನೆ. ಕಲ್ಲಿನಲ್ಲಾದರೋ ಏನೂ ಉಬ್ಬುವುದಿಲ್ಲ. ಶಿಲ್ಪಿ ಸುತ್ತಲಿನ ಕಲ್ಲನ್ನು ತೆಗೆದುಹಾಕುತ್ತಾನೆ, ಬಿಟ್ಟ ಭಾಗ ಆಕೃತಿಯಾಗಿ ನಿಲ್ಲುತ್ತದೆ. ಆದುದರಿಂದ ‘ಉಬ್ಬುಶಿಲ್ಪ’ ನೋಡುವವನ ಕಣ್ಣಿನ ಪದವೇ ಹೊರತು ಮಾಡುವವನ ಕೈಯ ಪದವಲ್ಲ. ಶಾಸನಗಳಲ್ಲಿ ಬರುವ ‘ಕಂಡರಿಸು’ ಎಂಬ ಕ್ರಿಯಾಪದ ಈ ಕೆಲಸಕ್ಕೆ ಹೆಚ್ಚು ಪ್ರಾಮಾಣಿಕವಾದುದು. ವೀರಗಲ್ಲಿನ ಫಲಕಗಳಲ್ಲಿ ಆಕೃತಿ ಮೇಲೆದ್ದಿರುತ್ತದೆ. ನಡುವಣ ಪಟ್ಟಿಕೆಯ ಅಕ್ಷರಗಳು ಸಾಮಾನ್ಯವಾಗಿ ತಗ್ಗಿನಲ್ಲಿರುತ್ತವೆ. ಎರಡನ್ನೂ ಒಂದೇ ಉಳಿ ಕಂಡರಿಸಿದೆ. ಹುಣಸೂರು, ಹೆಗ್ಗಡದೇವನಕೋಟೆ ಶಾಸನಗಳನ್ನೊಳಗೊಂಡ ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 4ನೆಯ ಸಂಪುಟ 1898ರಲ್ಲಿ ಪ್ರಕಟವಾಯಿತು. ಅಲ್ಲಿಂದ ಬೆಳೆದ ಅಧ್ಯಯನ ಪರಂಪರೆ ತಗ್ಗಿನ ಅಕ್ಷರಕ್ಕೆ ಕೊಟ್ಟ ಗಮನವನ್ನು ಮೇಲೆದ್ದ ಆಕೃತಿಗೆ ಕೊಡಲಿಲ್ಲ. ಅಕ್ಷರವಿಲ್ಲದ ಕಲ್ಲುಗಳು ಹಿಂದುಳಿದುದಕ್ಕೆ ಇದೂ ಒಂದು ಕಾರಣ.

ನಿಜವಾಗಿ ‘ಉಬ್ಬು’ ಸಲ್ಲುವುದು ಲೋಹದ ತಗಡಿನ ಕೆಲಸಕ್ಕೆ. ಅರಗಿನಂಥ ಮೆತ್ತನೆಯ ಹಾಸಿನ ಮೇಲೆ ತಗಡನ್ನಿಟ್ಟು ಹಿಂದಿನಿಂದ ಬಡಿದು ರೂಪವನ್ನು ಎಬ್ಬಿಸಿ, ಬಳಿಕ ಮುಂಬದಿಯನ್ನು ತಿದ್ದುತ್ತಾರೆ. ಮೈಸೂರು ಸೀಮೆಯ ಶಿವಾಲಯಗಳಲ್ಲಿ ಲಿಂಗಕ್ಕೆ ತೊಡಿಸುವ ಲೋಹದ ಮುಖಕ್ಕೆ ‘ಕೊಳಗ’ ಎನ್ನುತ್ತಾರೆ. ಧಾನ್ಯ ಅಳೆಯುವ ಪಾತ್ರೆಗೂ ಅದೇ ಹೆಸರು. ಎರಡರಲ್ಲೂ ಒಳಗು ಟೊಳ್ಳು ಎಂಬುದನ್ನು ಗಮನಿಸಬೇಕು. ಟಿಬೆಟನ್ನರ ಬೌದ್ಧಕಲೆಯಲ್ಲಿಯೂ ತಾಮ್ರದ ತಗಡನ್ನು ಹೀಗೆಯೇ ಎಬ್ಬಿಸುವ ಪದ್ಧತಿಯುಂಟು. ಅವರ ಬೈಲಕುಪ್ಪೆಯ ನೆಲೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇರುವುದರಿಂದ ತೌಲನಿಕ ಅಧ್ಯಯನಕ್ಕೆ ದೂರ ಹೋಗಬೇಕಾಗಿಲ್ಲ.

‘ಅಚ್ಚು’ ಇವೆರಡಕ್ಕಿಂತಲೂ ಭಿನ್ನ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ, ಅಚ್ಚುಬೆಲ್ಲಕ್ಕೆ ಪಾಕವನ್ನು ಎರೆಯುತ್ತಾರೆ. ಇಲ್ಲಿ ರೂಪ ಮೊದಲು ತಗ್ಗಾಗಿ ಮರದಲ್ಲಿರುತ್ತದೆ, ಅನಂತರ ಉಬ್ಬಾಗಿ ಕೈಗೆ ಬರುತ್ತದೆ. ಸಾಧನಕ್ಕೂ ಫಲಕ್ಕೂ ಅಚ್ಚು ಎಂಬ ಹೆಸರೇ. ‘ಅಪ್ಪನದೇ ಅಚ್ಚು’ ಎಂಬ ನುಡಿಯೂ ‘ಮನಸ್ಸಿನಲ್ಲಿ ಅಚ್ಚೊತ್ತಿತು’ ಎಂಬ ಪ್ರಯೋಗವೂ ಈ ದ್ವಂದ್ವದಿಂದಲೇ ಹುಟ್ಟಿವೆ. ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯ ಗೆಸ್ಸೊ ಕೆಲಸ ನಾಲ್ಕನೆಯ ಬಗೆ: ಅಲ್ಲಿ ಅಂಟುಮಿಶ್ರಿತ ಲೇಪವನ್ನು ಮೇಲೆ ಕೂಡಿಸಿ, ಅದರ ಮೇಲೆ ಚಿನ್ನದ ರೇಕನ್ನು ಹಾಸುತ್ತಾರೆ.

ತೆಗೆಯುವುದು, ಎಬ್ಬಿಸುವುದು, ಎರೆಯುವುದು, ಕೂಡಿಸುವುದು ಎಂಬ ಈ ನಾಲ್ಕು ಕ್ರಿಯೆಗಳನ್ನು ‘ಉಬ್ಬು’ ಎಂಬ ಒಂದೇ ಪದದಡಿ ತಂದಾಗ ಕುಶಲಕರ್ಮಿಯ ಜ್ಞಾನ ನಮ್ಮ ದಾಖಲೆಗಳಿಂದ ಜಾರಿಹೋಗುತ್ತದೆ. ವಸ್ತುಸಂಗ್ರಹಾಲಯದ ಫಲಕಗಳಲ್ಲಿ ಹಾಗೂ ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಆಕೃತಿಯ ವಿವರದ ಜೊತೆಗೆ ಕ್ರಿಯಾಪದವನ್ನೂ ನಮೂದಿಸುವುದು ಅವಶ್ಯ. ವಸ್ತು ನಾಶವಾದರೂ ಅದನ್ನು ಮಾಡಿದ ಬಗೆಯನ್ನು ಉಳಿಸಿಕೊಡುವ ಶಕ್ತಿ ಆ ಒಂದು ಪದಕ್ಕಿದೆ.